ಎಲ್ಲರೂ ಮಾಂಬಾ ಆದ ವರ್ಷ

ಜಿಂಜಾ
ಜನವರಿ 16, 2023

ಪ್ರೀತಿಯ ಅಪ್ಪನಿಗೆ,

ಇಲ್ಲಿಂದಲೇ ಮೊಣಕಾಲೂರಿ ನಮಸ್ಕಾರ. ಫೋನ್ ಮಾಡದೆ ಕಾಗದ ಬರೆಯುತ್ತಿರುವುದು ಏಕೆಂದು ನಿಮಗೆ ಗೊತ್ತು. ನಮ್ಮ ಬುಕಾಸಾ ದ್ವೀಪದಲ್ಲಿ ಸಿಗ್ನಲ್ ಸಿಗುವುದು ಹಲಸಿನ ಮರದ ಬುಡದಲ್ಲಿ ಮಾತ್ರ. ಆ ಬುಡದಲ್ಲಿ ಸದಾ ಅರ್ಧ ಊರು ಕೂತಿರುತ್ತದೆ. ಕಳೆದ ಸಲ ನನ್ನ ಹಲ್ಲುನೋವಿನ ಸುದ್ದಿ ನಿಮಗಿಂತ ಮೊದಲು ಒಣಮೀನು ಮಾರುವ ಹೆಂಗಸರಿಗೆ ತಲುಪಿ, ಅವರು ಲವಂಗ ಕಳಿಸಿದ್ದರು. ಈಗ ಹೇಳಬೇಕಾದದ್ದು ಲವಂಗದಿಂದ ವಾಸಿಯಾಗುವಂಥದ್ದಲ್ಲ.

ನನಗೊಬ್ಬ ಹುಡುಗ ಸಿಕ್ಕಿದ್ದಾನೆ. ಹೆಸರು ಲುಟಾಯ. ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು. ತಿಂಗಳು ತುಂಬುವ ಮುಂಚೆಯೇ ಹುಟ್ಟಿದ ಕೂಸುಗಳನ್ನು ನೋಡಿಕೊಳ್ಳುತ್ತಾನೆ. ಕುಡಿಯುವುದಿಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ, ಆದ್ದರಿಂದ ಕಡಿಮೆ ಕುಡಿಯುತ್ತಾನೆ ಎಂದು ಬರೆಯುತ್ತೇನೆ. ಕುಲವನ್ನು ಮೊದಲ ದಿನವೇ ಕೇಳಿದೆ. "ಹುಡುಗನ ಹಲ್ಲು ನೋಡೋ ಮುಂಚೆ ಕುಲ ಕೇಳು" ಎಂದು ಸೋದರತ್ತೆ ಸೆಂಗಾ ಕಿವಿ ಹಿಂಡಿ ಕಲಿಸಿದ್ದು ವ್ಯರ್ಥವಾಗಿಲ್ಲ ಎಂದು ನಿಮ್ಮ ಅಕ್ಕನಿಗೆ ಹೇಳಿ. ನಮ್ಮದು ಮಾಂಬಾ ಮೀನಿನ ಕುಲ, ಅವನದು ನೀರುನಾಯಿ ಕುಲ. ಅಡ್ಡಿಯೇನೂ ಇಲ್ಲ.

ಆಗಸ್ಟಿನಲ್ಲಿ ಕ್ವಾಂಜುಲಾ ಇಟ್ಟುಕೊಳ್ಳಬಹುದೇ? ಅವನ ಕಡೆಯವರು ನಮ್ಮ ಅಂಗಳದಲ್ಲಿ ಕೂತು, ಅಜ್ಜ ಮುತ್ತಜ್ಜರ ಹೆಸರು ಒಪ್ಪಿಸಿ, ಕುಲ ಹೇಳಿ, ನನ್ನನ್ನು ಕೇಳಲಿ. ಕುಲದ ನಮ್ಮ ಕವಲಿಗೆ ಹಿರಿಯರು ನೀವು. ನೀವು 'ಹೂಂ' ಅನ್ನದೆ ಯಾರೂ ಚಾಪೆ ಬಿಚ್ಚುವಂತಿಲ್ಲ. ಆಗಸ್ಟೇ ಯಾಕೆಂದರೆ, ಸೆಪ್ಟೆಂಬರಿನಲ್ಲಿ ಅವನಿಗೆ ಉತ್ತರದ ಗುಲುವಿಗೆ ವರ್ಗ. ಶಾಸ್ತ್ರವಾಗದೆ ಹೋದರೆ ಅವನು ಅಲ್ಲಿ, ನಾನು ಇಲ್ಲಿ. ಅಲ್ಲಿನ ನರ್ಸಮ್ಮಂದಿರ ಬಗ್ಗೆ ನಾನೇನೂ ಹೇಳುವುದಿಲ್ಲ.

ಪ್ರಯೋಗಾಲಯದಲ್ಲಿ ನನ್ನ ಕೆಲಸ ಚೆನ್ನಾಗಿದೆ. ಕೆಲವು ಮೀನುಗಳು ನೀರಿನೊಳಗಿದ್ದೂ ಮೇಲೆ ಬಂದು ಗಾಳಿ ಕುಡಿದು ಬದುಕುತ್ತವಲ್ಲ, ಆ ವಿದ್ಯೆ ಯಾವ ಜೀನಿನಿಂದ ಬಂತು ಎಂದು ಹುಡುಕುತ್ತಿದ್ದೇವೆ. ಜೀನು ಎಂದರೆ ಹೆತ್ತವರು ಮಕ್ಕಳ ಮೈಯೊಳಗೆ ಬರೆದಿಟ್ಟ ಬರಹ. ನನ್ನ ಮೂಗನ್ನು ನೀವು ಬರೆದಿರಿ, ಹಟವನ್ನು ಸೆಂಗಾ ತಿದ್ದಿದರು. ಆ ಹುಡುಕಾಟಕ್ಕಾಗಿ ಒಂದು ಮೀನನ್ನು ಇಟ್ಟುಕೊಂಡು ನೋಡುತ್ತಿದ್ದೇವೆ.

ನಿಮ್ಮ ಮಗಳು,
ನಂಕ್ಯಾ

*

ಬುಕಾಸಾ
ಫೆಬ್ರವರಿ 5

ಮಗಳೇ ನಂಕ್ಯಾ,

ನಿನ್ನ ಕಾಗದ ದೋಣಿಯಲ್ಲಿ ಒಣಮೀನಿನ ಮೂಟೆಯ ಮೇಲೆ ಕೂತು ಬಂತು. ಹೀಗಾಗಿ ಒಡೆಯುವ ಮುಂಚೆಯೇ ಮೀನಿನ ವಿಷಯವೆಂದು ಮೂಗಿಗೆ ತಿಳಿಯಿತು.

ನೀರುನಾಯಿ! ಎಲ್ಲಾ ಬಿಟ್ಟು ನೀರುನಾಯಿ! ಲೋಕ ಹುಟ್ಟಿದಂದಿನಿಂದ ನೀರುನಾಯಿ ಮೀನಿನ ಮನೆಗೆ ಬರುವುದು ಒಂದೇ ಕಾರಣಕ್ಕೆ. ಅದಕ್ಕೆ ಮದುವೆ ಎನ್ನುವುದಿಲ್ಲ, ಊಟ ಎನ್ನುತ್ತಾರೆ. ಆದರೂ ಕವಲಿನ ಸಭೆ ಕರೆದೆ. ಗಂಭೀರವಾಗಿ ಚರ್ಚೆಯಾಯಿತು. ಗೆರಿವಾಜಿ ಅಜ್ಜ, ಕಣ್ಣು ಕಾಣದಿದ್ದರೂ ಎಲ್ಲ ಬಲ್ಲವನು, "ನೀರುನಾಯಿ ಕುಲದೋರು ಒಳ್ಳೇ ಜನ. ಕೈ ಮಾತ್ರ ಯಾವಾಗ್ಲೂ ತಣ್ಣಗಿರ್ತದೆ" ಎಂದ. ನಿನ್ನ ಸೆಂಗಾ, "ಮೀಸೆ ಇದ್ಯಂತಾ? ಮೀಸೆ ಇಲ್ದೋನು ಎಂಥಾ ನೀರುನಾಯಿ" ಎಂದಳು. ನಿನ್ನಮ್ಮ ಒಳಗೆ ಹೋಗಿ ಹೊಸ ಚಾಪೆಗೆ ತಾಳೆಗರಿ ನೆನೆಸಿದಳು. ಅಷ್ಟಕ್ಕೆ ಸಭೆ ಒಪ್ಪಿದಂತಾಯಿತು. ಆಗಸ್ಟ್ ಎರಡನೆಯ ಶನಿವಾರ.

ಇನ್ನೊಂದು ಸಣ್ಣ ಸಂಶಯ. ಎಷ್ಟು ಸಣ್ಣದೆಂದರೆ, ಅದರಿಂದಾಗಿ ಈ ವಾರವೆಲ್ಲ ಕಟ್ಟುತ್ತಿರುವ ದೋಣಿಗೆ ಒಂದು ಮೊಳೆಯನ್ನೂ ಹೊಡೆದಿಲ್ಲ. 'ಒಂದು ಮೀನು' ಎಂದು ಬರೆದಿದ್ದೀಯ. ಹೆಸರು ಬರೆದಿಲ್ಲ. ಈ ಸರೋವರದಲ್ಲಿ ಮೇಲೆ ಬಂದು ಗಾಳಿ ಕುಡಿಯುವ ಹಿರಿಯ ಮೀನು ಯಾವುದೆಂದು ಇಲ್ಲಿನ ಕೋಳಿಗಳಿಗೂ ಗೊತ್ತು. ನಾವು ಅದನ್ನು ತಿನ್ನುವುದಿಲ್ಲ. ಮುಟ್ಟುವುದಿಲ್ಲ. ಬಲೆಗೆ ಬಿದ್ದರೆ ಬಲೆ ಕೊಯ್ದು ಬಿಡುತ್ತೇವೆ. ಅದು ಮೀನಲ್ಲ, ನಮ್ಮ ಮನೆಯವರು.

ನಂಕ್ಯಾ, ಮನೆಯವರನ್ನು ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದೀಯಾ?

ನಿನ್ನಪ್ಪ,
ಬೊನಿಫಾಸಿ ಮುಬಿರು

*

ಜಿಂಜಾ
ಫೆಬ್ರವರಿ 21

ಪ್ರೀತಿಯ ಅಪ್ಪನಿಗೆ,

ಇಟ್ಟಿದ್ದೇನೆ.

ಆದರೆ ಚಾಕು ನಾನು ಹಿಡಿದಿಲ್ಲ. ಕೊಯ್ಯುವವನು ವಂಡೇರಾ ಎಂದು, ಪೂರ್ವದ ಕಡೆಯವನು. ಅವರ ಊರಿನಲ್ಲಿ ಮಾಂಬಾ ಎಂದರೆ ಮಧ್ಯಾಹ್ನದ ಊಟ. ಅವನು ಕೊಯ್ಯುವಾಗ ನಾನು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಗೋಡೆಯ ಮೇಲೊಂದು ಕ್ಯಾಲೆಂಡರ್ ಇದೆ. ಈ ವರ್ಷದ ಹಬ್ಬಗಳೆಲ್ಲ ನನಗೆ ಬಾಯಿಪಾಠ. ವಂಡೇರಾ ಬಿಡುವುದಿಲ್ಲ. "ಮೇಡಂ, ನಿಮ್ ಚಿಕ್ಕಪ್ಪನ ಕೆಲ್ಸ ಮುಗೀತು, ತಿರುಗಿ" ಅನ್ನುತ್ತಾನೆ. ಆಮೇಲೆ ನನ್ನ ಕೈಗೆ ಬರುವುದು ಚಿಕ್ಕ ಸೀಸೆಯಲ್ಲಿ ನೀರಿನಂಥ ದ್ರವ. ಅದರಲ್ಲಿ ಯಾರ ಮುಖವೂ ಕಾಣುವುದಿಲ್ಲ.

ಬೇಜಾರಾಗಬೇಡಿ. ನಿಮಗೆ ಸಂತೋಷವಾಗುವ ಸುದ್ದಿ ಇಲ್ಲಿದೆ. ನಮ್ಮ ಶ್ವಾಸಕೋಶದ ಒಳಗೋಡೆಗೆ ಸಾಬೂನಿನ ನೊರೆಯಷ್ಟು ತೆಳುವಾದ ಒಂದು ಪೊರೆ ಇರುತ್ತದೆ. ಅದಿಲ್ಲದಿದ್ದರೆ ಉಸಿರು ಬಿಟ್ಟಾಗ ಶ್ವಾಸಕೋಶ ಒದ್ದೆ ಬಟ್ಟೆಯ ಹಾಗೆ ಅಂಟಿಕೊಂಡುಬಿಡುತ್ತದೆ. ಲುಟಾಯನ ವಾರ್ಡಿನ ಕೂಸುಗಳ ಕಷ್ಟ ಅದೇ: ಪೊರೆ ಕಟ್ಟುವ ಮುಂಚೆ ಹುಟ್ಟಿಬಿಡುತ್ತವೆ. ಆ ಪೊರೆಯನ್ನು ಮಾಡುವ ಜೀನು ಮಾಂಬಾ ಮೀನಿನ ಎದೆಯಲ್ಲೂ ಸಿಕ್ಕಿದೆ ಅಪ್ಪ! ಅಲ್ಲೊಂದು ಇಲ್ಲೊಂದು ಅಕ್ಷರ ಬೇರೆ, ಬರಹ ಅದೇ. ಲೆಕ್ಕ ಹಾಕಿ ನೋಡಿದರೆ ಮಾಂಬಾ ತಿಲಾಪಿಯಾ ಮೀನಿಗಿಂತ ನಮಗೇ ಹತ್ತಿರದ ನೆಂಟ. ಇನ್ನೊಂದು ತಮಾಷೆ, ಅದರ ಮೈಯೊಳಗಿನ ಒಟ್ಟು ಬರಹ ನಮ್ಮದಕ್ಕಿಂತ ಹತ್ತು ಪಟ್ಟಿಗೂ ಉದ್ದ.

ನಮ್ಮ ಹಿರಿಯರು ಸುಮ್ಮನೆ ಹೇಳಿರಲಿಲ್ಲ.

ನಿಮ್ಮ ಮಗಳು,
ನಂಕ್ಯಾ

*

ಬುಕಾಸಾ
ಮಾರ್ಚ್ 13

ಕುಲದೀಪಕಿ ನಂಕ್ಯಾ,

ನಿನ್ನ ಕಾಗದವನ್ನು ಮೊದಲು ಮನೆಯಲ್ಲಿ ಓದಿದೆ. ಆಮೇಲೆ ದೋಣಿ ಕಟ್ಟುವ ಚಪ್ಪರದಲ್ಲಿ. ಭಾನುವಾರ ಇಗರ್ಜಿ ಬಿಟ್ಟ ಮೇಲೆ ಹಲಸಿನ ಮರದ ಬುಡದಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಇಡೀ ಕವಲಿಗೆ ಓದಿ ಹೇಳಿದೆ. ಚಿರತೆ ಕುಲದವರು ಆ ಕಡೆ ಹಾದುಹೋಗುತ್ತಿದ್ದರು. ಅವರಿಗೆ ಕೇಳಿಸಲಿ ಎಂದು 'ಹತ್ತು ಪಟ್ಟಿಗೂ ಉದ್ದ' ಎಂಬಲ್ಲಿ ದನಿ ಏರಿಸಿದೆ. ಹಿರಿಯರ ವಂಶಾವಳಿ ಉದ್ದ ಇರದೆ ಇನ್ನೇನು? ಚಿರತೆಯ ಬಗ್ಗೆ ಇಂಥ ಕಾಗದ ಯಾವ ಪ್ರಯೋಗಾಲಯದಿಂದ ಬಂದಿದೆ, ತೋರಿಸಲಿ.

ನಮ್ಮಜ್ಜಂದಿರು ಬರಿಗಣ್ಣಲ್ಲಿ ಕಂಡದ್ದನ್ನು ನೀವು ದೊಡ್ಡ ಯಂತ್ರ ತರಿಸಿ ಒಪ್ಪಿಕೊಂಡಿರಿ. ತಡವಾಯಿತು, ಆದರೂ ಸಭೆ ನಿಮ್ಮನ್ನು ಕ್ಷಮಿಸಿದೆ. ಗಾಜಿನ ತೊಟ್ಟಿಯ ಮಾತು ಮತ್ತೆ ಎತ್ತಕೂಡದೆಂದು ತೀರ್ಮಾನವಾಯಿತು. ಬಾಳೆಹಣ್ಣಿನ ಹೆಂಡ ಬಂತು. ನಿನ್ನ ಸೆಂಗಾ ನಿನ್ನ ಹೆಸರಿನಲ್ಲಿ ಕುಣಿದಳು. ಮರುದಿನ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡಳು.

ಎಲ್ಲ ಮುಗಿದು ಜನ ಏಳುತ್ತಿದ್ದಾಗ ಗೆರಿವಾಜಿ ಅಜ್ಜ ಕೋಲು ಊರಿಕೊಂಡು ಕೇಳಿದ:

"ಬೊನಿಫಾಸಿ, ಆ ಆಸ್ಪತ್ರೆ ಕೂಸುಗಳಿಗೆ ಅದೇ ಪೊರೆ ಬೇಕು ಅಂತ ಬರ್ದವ್ಳಲ್ಲಾ. ಆ ಕೂಸುಗಳೆಲ್ಲಾ ಮಾಂಬಾ ಕುಲದವೇನು?"

"ಜಿಂಜಾದ ಆಸ್ಪತ್ರೆ ಅಜ್ಜಾ. ಎಲ್ಲಾ ಕುಲದವೂ ಇರ್ತವೆ."

"ಹಂಗಾದ್ರೆ ಎಲ್ಲಾ ಕುಲದೋರ ಎದೇಲೂ ನಮ್ ಮಾಂಬಾದ ಬರಹಾನೇ ಐತಾ? ಆ ನೀರುನಾಯಿ ಹುಡುಗನ ಎದೇಲೂ?"

ಎದ್ದವರೆಲ್ಲ ಮತ್ತೆ ಕೂತರು. ನಾನು, "ಮಗಳನ್ನ ಕೇಳಿ ಹೇಳ್ತೀನಿ" ಎಂದೆ. ಮುದುಕನಿಗೆ ಹೊತ್ತು ಹೋಗದೆ ಕೇಳಿದ್ದು. ನೀನು ಒಂದು ಸಾಲಿನಲ್ಲಿ 'ಇಲ್ಲ' ಎಂದು ಬರೆದುಬಿಡು, ಮುಗಿಯಲಿ.

ನಿನ್ನಪ್ಪ,
ಬೊನಿಫಾಸಿ ಮುಬಿರು

*

ಜಿಂಜಾ
ಮಾರ್ಚ್ 29

ಪ್ರೀತಿಯ ಅಪ್ಪನಿಗೆ,

ಒಂದು ಸಾಲಿನಲ್ಲಿ ಬರೆಯಲು ಕೂತೆ. ಪೆನ್ನು 'ಇಲ್ಲ' ಎಂದು ಬರೆಯಲು ಒಪ್ಪಲಿಲ್ಲ.

ಇದೆ. ಲುಟಾಯನ ಎದೆಯಲ್ಲೂ ಇದೆ. ಚಿರತೆ ಕುಲದವರಲ್ಲೂ ಇದೆ, ಚಿರತೆಯಲ್ಲೂ ಇದೆ. ಹಸು, ಆಡು, ನೀರುನಾಯಿ, ಕಪ್ಪೆ, ಶ್ವಾಸಕೋಶ ಇರುವ ಎಲ್ಲದರಲ್ಲೂ ಅದೇ ಮೂಲದ ಬರಹ ಇದೆ. ಬಹಳ ಬಹಳ ಹಿಂದೆ, ಸರೋವರವೇ ಇಲ್ಲದ ಕಾಲದಲ್ಲಿ, ಮಾಂಬಾಗೂ ನಮಗೆಲ್ಲರಿಗೂ ಅಜ್ಜಿ ಒಬ್ಬಳೇ ಆಗಿದ್ದಳು.

ಇದರಿಂದ ಏನೂ ತೊಂದರೆಯಿಲ್ಲ ಅಲ್ಲವೇ? ಚಾಪೆ ಎಲ್ಲಿಗೆ ಬಂತೆಂದು ಅಮ್ಮನನ್ನು ಕೇಳಿ ತಿಳಿಸಿ.

ನಿಮ್ಮ ಮಗಳು,
ನಂಕ್ಯಾ

*

ಬುಕಾಸಾ
ಏಪ್ರಿಲ್ 17

ನಂಕ್ಯಾ,

ತೊಂದರೆ ಇದೆ.

ನಿನ್ನ ಕಾಗದ ಬಂದ ಮೇಲೆ ಸಭೆಯ ಮೇಲೆ ಸಭೆ. ಮೊದಲನೆಯ ಸಭೆಯಲ್ಲಿ ತೀರ್ಮಾನವಾದದ್ದು: ಎದೆಯೊಳಗೆ ಮಾಂಬಾ ಇದ್ದವನು ಮಾಂಬಾ ಕುಲದವನೇ. ಹಾಗಾಗಿ ಲುಟಾಯ ನಮ್ಮ ಹುಡುಗ. ಅವನಿಗೆ ಸ್ವಾಗತ. ಅವನು ಯಾವಾಗ ಬೇಕಾದರೂ ಬಂದು ಉಣ್ಣಬಹುದು, ಉಳಿಯಬಹುದು, ಸತ್ತರೆ ನಮ್ಮ ಜಾಗದಲ್ಲೇ ಮಣ್ಣಾಗಬಹುದು. ಆದರೆ ನಮ್ಮ ಹುಡುಗನಿಗೆ ನಮ್ಮ ಹುಡುಗಿಯನ್ನು ಕೊಡುವುದು ಹೇಗೆ? ಅಣ್ಣ ತಂಗಿ ಆಗಲಿಲ್ಲವೇ?

ಎರಡನೆಯ ಸಭೆಯಲ್ಲಿ ಯಾರೋ ತಲೆಹರಟೆ, "ಹಂಗಾದ್ರೆ ನಮ್ ಹೆಂಡ್ತೀರು?" ಎಂದ. ನಿನ್ನಮ್ಮ ಮಿಡತೆ ಕುಲದವಳು. ಎಲ್ಲರೂ ನನ್ನನ್ನೇ ನೋಡಿದರು. ನಾನು ಮರದ ಕಡೆ ನೋಡಿದೆ.

ಮೂರನೆಯ ಸಭೆ ಊಟದ ವಿಷಯ. ಆಡಿನ ಎದೆಯಲ್ಲೂ ಮಾಂಬಾ ಇದ್ದರೆ ಕ್ವಾಂಜುಲಾಕ್ಕೆ ಆಡು ಕೊಯ್ಯುವುದು ಹೇಗೆ? ಕೋಳಿ? ಸೆಂಗಾ ಎದ್ದು ನಿಂತು, "ಕೋಳಿ ನನ್ ಸ್ವಂತ ತಂಗಿ ಆಗಿದ್ರೂ ನಾನ್ ತಿಂತೀನಿ" ಎಂದು ಹೇಳಿ ಹೊರಟುಹೋದಳು. ಉಳಿದವರು ಹಸಿದುಕೊಂಡು ಮನೆಗೆ ಹೋದರು.

ಕ್ವಾಂಜುಲಾ ನಿಂತಿದೆ. ರದ್ದಾಗಿಲ್ಲ, ನಿಂತಿದೆ. ಹುಟ್ಟು ಕಳೆದುಕೊಂಡ ದೋಣಿಯ ಹಾಗೆ, ಅತ್ತಲೂ ಇಲ್ಲ ಇತ್ತಲೂ ಇಲ್ಲ.

ಇದನ್ನೆಲ್ಲ ಕೇಳಿದ ಮೇಲೆ ನಿನ್ನಮ್ಮ ನನ್ನನ್ನು 'ನಂಕ್ಯಾನ ಅಪ್ಪ' ಎಂದು ಕರೆಯುವುದನ್ನು ಬಿಟ್ಟಿದ್ದಾಳೆ. ನಿನ್ನೆ ಚಪ್ಪರದ ಹತ್ತಿರ, ದೋಣಿ ಕೊಳ್ಳಲು ಬಂದವರ ಎದುರಿಗೇ, ಕೈಕಟ್ಟಿ ನಿಂತು ಹೇಳಿದಳು:

"ಅಣ್ಣಾ, ಮಟೋಕೆ ಆರ್ತಾ ಐತೆ. ಏಳು."

ಬೇರೆ ಏನಾದರೂ ಜೀನು ಇದ್ದರೆ ಹುಡುಕು ಮಗಳೇ. ಬೇಗ ಹುಡುಕು.

ನಿನ್ನಪ್ಪ,
ಬೊನಿಫಾಸಿ ಮುಬಿರು

*

ಜಿಂಜಾ
ಮೇ 4

ಪ್ರೀತಿಯ ಅಪ್ಪನಿಗೆ,

ಹುಡುಕಿದೆ. ಸಮಾಧಾನವಾಗಿ ಓದಿ, ಇಗೋ ಬಿಡಿಸಿ ಹೇಳುತ್ತೇನೆ.

ಗಾಳಿ ಕುಡಿಯುವವರೆಲ್ಲ ಒಂದೇ ರೀತಿ ಕುಡಿಯುವುದಿಲ್ಲ. ಜೌಗಿನಲ್ಲಿ ಸಿಗುವ ಮೀಸೆ ಮೀನನ್ನು ತೆಗೆದುಕೊಳ್ಳಿ. ಅದೂ ಮೇಲೆ ಬಂದು ಗಾಳಿ ನುಂಗುತ್ತದೆ. ಆದರೆ ಅದಕ್ಕೆ ಶ್ವಾಸಕೋಶವೇ ಇಲ್ಲ. ಕಿವಿರಿನ ಮೇಲೆ ಹೂಕೋಸಿನಂಥ ಒಂದು ಕೆಂಪು ಪೊದೆ ಬೆಳೆಸಿಕೊಂಡು ಅದರಿಂದ ಉಸಿರಾಡುತ್ತದೆ. ಆ ಪೊದೆಯನ್ನು ಅದು ತಾನೇ, ತನ್ನ ಬೇರೆ ಜೀನುಗಳನ್ನು ಎಬ್ಬಿಸಿಕೊಂಡು ಮಾಡಿಕೊಂಡದ್ದು. ಒಂದೇ ಬಾವಿಗೆ ಇಬ್ಬರು ಬೇರೆ ಬೇರೆ ಹಗ್ಗ ಬಿಟ್ಟ ಹಾಗೆ. ಆದ್ದರಿಂದ ಒಂದೇ ಗಾಳಿ ಕುಡಿದ ಮಾತ್ರಕ್ಕೆ ನೆಂಟರಾಗುವುದಿಲ್ಲ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅರ್ಧ ಹೇಳಿದರೆ ಸುಳ್ಳು ಹೇಳಿದಂತೆ. ಉಸಿರಿಗೆ ಗಾಳಿ ಕುಡಿಯದ ತಿಲಾಪಿಯಾದ ಹೊಟ್ಟೆಯಲ್ಲಿ ಒಂದು ಗಾಳಿಚೀಲ ಇರುತ್ತದೆ, ಕೊಯ್ಯುವಾಗ ನೀವು ನೋಡಿದ್ದೀರಿ. ಆ ಚೀಲವೂ ನಮ್ಮ ಶ್ವಾಸಕೋಶವೂ ಒಂದೇ ಹಳೆಯ ಅಂಗದಿಂದ ಬಂದವು, ಒಡಹುಟ್ಟಿದವು. ಅಂದರೆ ತಿಲಾಪಿಯಾ ಕೂಡ, ಸ್ವಲ್ಪ ದೂರದಿಂದ…

ಬರೆದ ಮೇಲೆ ಹೊಡೆದುಹಾಕೋಣ ಅನ್ನಿಸಿತು. ಲುಟಾಯ ಪಕ್ಕದಲ್ಲಿ ಕೂತು ಓದುತ್ತಿದ್ದ. "ನಂಕ್ಯಾ, ನೀನು ಒಂದೊಂದ್ ಕಾಗ್ದಕ್ಕೂ ನಂಗೆ ಇನ್ನೊಂದಿಷ್ಟು ನೆಂಟರನ್ನ ಹುಟ್ಟಿಸ್ತಿದ್ದೀಯ. ಹಿಂಗೇ ಬರೀತಾ ಹೋದ್ರೆ ಆಗಸ್ಟ್ ಹೊತ್ಗೆ ಬಾಳೆಗಿಡಾನೂ ನಂಗೆ ಅತ್ತಿಗೆ ಆಗ್ತದೆ" ಎಂದ. ನಗಲಿಲ್ಲ. ವರ್ಗದ ಕಾಗದ ಅವನ ಜೇಬಿನಲ್ಲಿತ್ತು.

ದಯವಿಟ್ಟು ಉತ್ತರ ಬರೆಯಿರಿ.

ನಿಮ್ಮ ಮಗಳು,
ನಂಕ್ಯಾ

*

ಬುಕಾಸಾ
ಜೂನ್ 12

ಏ ನಂಕ್ಯಾ,

ನಾನು ನಿನ್ನ ಸೆಂಗಾ. ನಿಮ್ಮಪ್ಪ ಬರೆಯುತ್ತಿಲ್ಲ, ಅದಕ್ಕೆ ನಾನು. ನನ್ನ ಅಕ್ಷರ ದೊಡ್ಡದು, ಬೈಗುಳ ಅದಕ್ಕಿಂತ ದೊಡ್ಡದು. ಕೂತು ಓದು.

ನಿನ್ನ ತಿಲಾಪಿಯಾ ಕಾಗದ ಬಂದ ದಿನ ಮನೆಯಲ್ಲಿ ತಿಲಾಪಿಯಾ ಮಾಡಿದ್ದರು. ನಿಮ್ಮಪ್ಪ ಕಾಗದ ಓದಿದ. ತಟ್ಟೆ ನೋಡಿದ. ಮತ್ತೆ ಕಾಗದ ನೋಡಿದ. ತಟ್ಟೆಯನ್ನು ಆಚೆ ತಳ್ಳಿದ. ಅವತ್ತಿನಿಂದ ಬರೀ ಬೇಯಿಸಿದ ಬಾಳೆಕಾಯಿ ಮಟೋಕೆ, ಬರೀ ಕಡಲೆಕಾಯಿ ಗೊಜ್ಜು. ದ್ವೀಪದಲ್ಲಿ ಹುಟ್ಟಿದ ಗಂಡಸು ಮೀನು ಬಿಟ್ಟರೆ ಅವನ ಬೆನ್ನು ಹೇಗೆ ಬಾಗುತ್ತದೋ ಹಾಗೆ ಬಾಗಿದೆ. ನಿಮ್ಮಮ್ಮ ಚಾಪೆ ಬೇರೆ ಹಾಸಿಕೊಂಡಿದ್ದಾಳೆ. "ನೀವೇ ಸಭೇಲಿ ಹೇಳಿದ್ದಲ್ವಾ, ಕುಲದ ಮಾತು ಅಂದ್ರೆ ಮಾತು" ಅನ್ನುತ್ತಾಳೆ. ಅವಳಿಗೆ ಸಿಟ್ಟು. ಮಗಳ ಚಾಪೆ ಅರ್ಧಕ್ಕೆ ನಿಂತಿದೆಯಲ್ಲ.

ದೋಣಿಯೂ ಅರ್ಧಕ್ಕೆ ನಿಂತಿದೆ. ಅವನು ದಡದಲ್ಲಿ ಕೂತು ನೀರು ನೋಡುತ್ತಾನೆ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಏನೋ ಅದು? ಅಳಿಯ ಮಗ ಆಗ್ಬಿಟ್ಟ ಅಂತ ಅಳ್ತಿದ್ದೀಯಾ?"

"ಅದಲ್ಲಕ್ಕಾ. ಅಳಿಯ ಮಗ ಆದ್ರೆ ಆಗ್ಲಿ. ಆದ್ರೆ ಎಲ್ಲಾರೂ ಮಾಂಬಾನೇ ಆದ್ರೆ ನಾವ್ಯಾರು?"

ಒಂದು ಕಲ್ಲು ಎತ್ತಿ ನೀರಿಗೆ ಎಸೆದ.

"ನಮ್ಮಪ್ಪ ಸಾಯೋ ಮುಂಚೆ ನನ್ ಕೈಗೆ ಕೋಲು ಕೊಟ್ಟು ಇವರನ್ನ ನೋಡ್ಕೋ ಅಂದ. ಯಾರನ್ನ ನೋಡ್ಕೊಳ್ಳಿ? ಆಡು, ಕೋಳಿ, ಚಿರತೆ, ಎಲ್ಲಾನೂವಾ? ನಾನ್ ಯಾವುದಕ್ಕೆ ಹಿರಿಯ ಅಕ್ಕಾ?"

ಈ ಸೆಂಗಾಗೆ ಉತ್ತರ ಹೊಳೆಯದಿರುವುದು ಈ ದ್ವೀಪ ಕಂಡ ಮೊದಲ ವಿಚಿತ್ರ.

ಈಗ ಕೇಳು. ಇನ್ನು ಮೇಲೆ ಏನನ್ನೂ ಬಿಡಿಸಿ ಹೇಳಬೇಡ. ನೀನು ಬಿಡಿಸಿದಷ್ಟೂ ಗಂಟು ಬೀಳುತ್ತದೆ. ಹುಡುಗನನ್ನು ಕಳಿಸು, ನಾನು ನೋಡುತ್ತೇನೆ. ನೀನು ಬರಬೇಡ. ನೀನು ಬಂದರೆ ದೋಣಿಯಿಂದ ಇಳಿಯುತ್ತಲೇ ಬಿಡಿಸಿ ಹೇಳಲು ಶುರುಮಾಡುತ್ತೀಯ.

ನಿನ್ನ ಸೆಂಗಾ,
ನಮುಬಿರು

*

ಜಿಂಜಾ
ಜೂನ್ 28

ಸೆಂಗಾ,

ಮೊಣಕಾಲೂರಿ ನಮಸ್ಕಾರ. ಬಿಡಿಸಿ ಹೇಳುವುದಿಲ್ಲ, ಹೇಳಬೇಕಾದ್ದನ್ನು ಮಾತ್ರ ಹೇಳುತ್ತೇನೆ.

ನನ್ನ ಕೆಲಸ ಮುಗಿಯಿತು. ತೊಟ್ಟಿ ಖಾಲಿ ಮಾಡಿ ಎಂದು ಮೇಲಿನವರು ಹೇಳಿದ್ದಾರೆ. ತೊಟ್ಟಿಯಲ್ಲಿ ಕೊನೆಯ ಮಾಂಬಾ ಒಂದು ಉಳಿದಿದೆ. ವಂಡೇರಾ ಈಗಾಗಲೇ ಈರುಳ್ಳಿ ತಂದು ಮೇಜಿನ ಮೇಲೆ ಇಟ್ಟಿದ್ದಾನೆ. ಗೋಡೆಯ ಕಡೆ ತಿರುಗಿ ನಿಂತೆ. ಕ್ಯಾಲೆಂಡರಿನಲ್ಲಿ ಓದಲು ಏನೂ ಉಳಿದಿರಲಿಲ್ಲ. ತಿರುಗಿ, "ಈ ಸಲ ಬೇಡ ವಂಡೇರಾ" ಎಂದೆ.

ಲುಟಾಯ ಶನಿವಾರ ಅದನ್ನು ತರುತ್ತಾನೆ, ಒದ್ದೆ ಗೋಣಿಚೀಲದಲ್ಲಿ. ನಾನು ಮುಟ್ಟಿ ಚೀಲಕ್ಕೆ ಹಾಕುವಂತಿಲ್ಲ, ಅವನೇ ಹಾಕುತ್ತಾನೆ. ಚೀಲದ ಬಾಯಿ ಬಿಗಿಯಬೇಡ ಎಂದು ಹೇಳಿದ್ದೇನೆ. ಮೈ ಒದ್ದೆಯಿದ್ದರೆ ನೀರಿನ ಹೊರಗೂ ಅದು ತಡೆಯುತ್ತದೆ, ಗಾಳಿಯಿಲ್ಲದೆ ತಡೆಯುವುದಿಲ್ಲ.

ಅಪ್ಪನ ಪ್ರಶ್ನೆಯನ್ನು ಎಷ್ಟೋ ಸಲ ಓದಿದೆ. ನಮ್ಮ ಯಂತ್ರಗಳಲ್ಲಿ ಆ ಪ್ರಶ್ನೆಗೆ ಒತ್ತುವ ಗುಂಡಿ ಇಲ್ಲ. ಅಪ್ಪನಿಗೆ ಬರೆದು ಹರಿದ ಕಾಗದಗಳಿಂದ ಕಸದ ಬುಟ್ಟಿ ತುಂಬಿದೆ.

ನಿಮ್ಮ ನಂಕ್ಯಾ

*

ಬುಕಾಸಾ
ಜುಲೈ 10

ಮಗಳೇ ನಂಕ್ಯಾ,

ನಿನ್ನ ನೀರುನಾಯಿ ಬಂದು ಹೋಯಿತು. ನಡೆದದ್ದನ್ನು ಕ್ರಮವಾಗಿ ಬರೆಯಬೇಕೆಂದು ಸಭೆಯ ಅಪ್ಪಣೆ. ಆದರೆ ನನ್ನ ತಲೆಯಲ್ಲಿ ಕ್ರಮವೆಂಬುದು ಏಪ್ರಿಲಿನಿಂದ ಇಲ್ಲ. ಆದಷ್ಟು ಪ್ರಯತ್ನಿಸುತ್ತೇನೆ.

ಶನಿವಾರ ದೋಣಿಯಿಂದ ಒಬ್ಬ ಉದ್ದನೆಯ ಹುಡುಗ ಇಳಿದ. ತೊಡೆಯ ತನಕ ಒದ್ದೆ. ಎದೆಗೆ ಅವಚಿಕೊಂಡ ಗೋಣಿಚೀಲ. ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜು. ಬಂದವನೇ ನನ್ನೆದುರು ಮಂಡಿಯೂರಿದ. ಚೀಲ ಬುಸ್ಸೆಂದಿತು. ನಾನೂ ಮಂಡಿಯೂರಿದೆ, ಹುಡುಗನಿಗಲ್ಲ, ಚೀಲಕ್ಕೆ.

ದಾರಿಯ ಕಥೆಯನ್ನು ಅವನ ಬಾಯಲ್ಲೇ ಕೇಳಬೇಕಿತ್ತು ನೀನು. ಮಿನಿಬಸ್ ಟ್ಯಾಕ್ಸಿಯಲ್ಲಿ ಚೀಲ ಉಸಿರಾಡುವುದನ್ನು ಕಂಡ ಕಂಡಕ್ಟರು, "ಉಸಿರಾಡೋರಿಗೆಲ್ಲಾ ಟಿಕೆಟ್ಟು" ಎಂದು ಪಟ್ಟುಹಿಡಿದನಂತೆ. ಪಕ್ಕದ ಸೀಟಿನ ಹೆಂಗಸು ಒಳಗಿರುವುದು ಕೂಸೆಂದು ತಿಳಿದು ಲಾಲಿ ಹಾಡಿದಳಂತೆ. ಬಾಲ ಕಂಡ ಮೇಲೆ ಹಾಡು ನಿಲ್ಲಿಸಿ ಇಳಿದುಹೋದಳಂತೆ. ದೋಣಿ ಹತ್ತುವ ಕಸೆನ್ಯಿಯಲ್ಲಿ ದೋಣಿಯವರು ಒಲೆ ಹಚ್ಚಿಕೊಂಡು, "ಅರ್ಧ ನಮ್ಗೆ ಅರ್ಧ ನಿಂಗೆ" ಎಂದು ವ್ಯಾಪಾರಕ್ಕಿಳಿದರಂತೆ. ಅವನು ಕೊಡಲಿಲ್ಲ. ಚೀಲಕ್ಕೆ ನೀರು ಚಿಮುಕಿಸಲು ಕೈ ಹಾಕಿದಾಗ ಒಳಗಿದ್ದ ಹಿರಿಯರು ಹೆಬ್ಬೆರಳನ್ನು ಕಚ್ಚಿ ಹಿಡಿದುಕೊಂಡರಂತೆ. ಆಗಲೂ ಬಿಡಲಿಲ್ಲವಂತೆ.

ಗೆರಿವಾಜಿ ಅಜ್ಜ ಬ್ಯಾಂಡೇಜನ್ನು ಮುಟ್ಟಿ ನೋಡಿ, "ಕಚ್ಚೈತೆ. ನಮ್ಮೋರನ್ನ ಕಚ್ಚಲ್ಲ" ಎಂದ. "ಹೋದ ವರ್ಷ ನನ್ ಕಾಲನ್ನ ಕಚ್ಚಿತ್ತಲ್ಲಾ ಅಜ್ಜಾ" ಎಂದು ಯಾರೋ ಅಂದರು. ಮತ್ತೆ ಗೊಂದಲ. ಹಲಸಿನ ಮರದ ಬುಡದಲ್ಲಿ ಮತ್ತೆ ಸಭೆ. ಮಾತು ಮತ್ತೆ ಆಡು, ಕೋಳಿ, ಚಿರತೆಗೆ ಬರುವ ಹೊತ್ತಿಗೆ ನಿನ್ನ ಸೆಂಗಾ ಎದ್ದು, ಸೊಂಟಕ್ಕೆ ಕೈ ಇಟ್ಟು, ಹುಡುಗನ ಮುಂದೆ ನಿಂತಳು.

"ಏ ಹುಡ್ಗಾ. ಸುತ್ತು ಬಳಸಿ ಬೇಡ. ನೀನು ಮಾಂಬಾ ತಿಂದಿದ್ದೀಯಾ?"

ಹುಡುಗ ನನ್ನ ಮುಖ ನೋಡಿದ. ಚೀಲ ನೋಡಿದ. ತನ್ನ ಹೆಬ್ಬೆರಳು ನೋಡಿದ. ಇಲ್ಲ ಎನ್ನು ಮಗನೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಇಲ್ಲ ಎಂದರೆ ಮಾನ ಉಳಿಯುತ್ತದೆ.

"ತಿಂದಿದ್ದೀನಿ ಸೆಂಗಾ," ಎಂದ.

"ಒಂದ್ಸಲವಾ?"

"ಇಲ್ಲ… ಚಿಕ್ಕಂದಿನಿಂದ. ನಮ್ ಅಜ್ಜಿ ಹೊಗೆಗೆ ಹಾಕಿ, ಕಡಲೆಕಾಯಿ ಗೊಜ್ಜಲ್ಲಿ ಮಾಡ್ತಿದ್ರು."

"ಹೆಂಗಿರ್ತಿತ್ತು?"

ಅವನು ತಲೆ ತಗ್ಗಿಸಿದ. "ಚೆನ್ನಾಗಿರ್ತಿತ್ತು."

ಮುಗಿಯಿತು ಎಂದುಕೊಂಡೆ. ಆಗ ನಿನ್ನ ಸೆಂಗಾ ನಾಲಿಗೆ ಹೊರಳಿಸಿ ಒಂದು ಕೇಕೆ ಹಾಕಿದಳು ನೋಡು, ಕೋಳಿಗಳು ಮರ ಹತ್ತಿದವು.

"ತಿಂದವ್ನೆ ಕಣ್ರೋ! ಚೆನ್ನಾಗಿತ್ತು ಅಂತಾನೂ ಅಂತಾನೆ! ನಮ್ಮೋನಾಗಿದ್ರೆ ತಿಂತಿದ್ನಾ? ಗಂಟ್ಲಲ್ಲಿ ಇಳೀತಿತ್ತಾ? ಇವ್ನು ಬೇರೆ ಕುಲದೋನು! ಅಪ್ಪಟ ಬೇರೆ ಕುಲದೋನು! ಹೆಣ್ಣು ಕೊಡ್ರೋ!"

ಮಗಳೇ, ಆ ಕ್ಷಣದಲ್ಲಿ ಮೂರು ತಿಂಗಳ ಮಂಜು ನನ್ನ ತಲೆಯಿಂದ ಅರ್ಧ ಸರಿಯಿತು. ಪೂರ್ತಿ ಸರಿದಿಲ್ಲ, ಸುಳ್ಳು ಹೇಳುವುದಿಲ್ಲ. ನಿನ್ನ ಬರಹ ಸುಳ್ಳೆಂದು ನಾನು ಹೇಳಲಾರೆ. ಎದೆಯೊಳಗೆ ಏನಿದೆ ಎಂಬುದನ್ನು ನೀನೇ ಓದಿಕೊ, ಅದು ಎಲ್ಲರದೂ ಒಂದೇ ಇದ್ದರೆ ಇರಲಿ. ಕುಲ ಇರುವುದು ತಟ್ಟೆಯ ಹತ್ತಿರ. ಯಾವುದನ್ನು ಆಚೆ ತಳ್ಳುತ್ತೇವೋ ಅದು ನಾವು. ನವೆಂಬರಿನಲ್ಲಿ ನಾನು ಮಿಡತೆ ಹುರಿದು ತಿನ್ನುತ್ತೇನೆ, ನಿನ್ನಮ್ಮ ಗೋಡೆಯ ಕಡೆ ತಿರುಗಿ ಕೂರುತ್ತಾಳೆ. ಇಷ್ಟು ವರ್ಷದ ಸಂಸಾರ ನಡೆದದ್ದು ಹಾಗೆಯೇ. ನೀನು ಗೋಡೆ ನೋಡುವುದನ್ನು ಕಲಿತದ್ದು ಯಾರಿಂದ ಅಂದುಕೊಂಡೆ?

ಸಂಜೆ ಎಲ್ಲರೂ ದಡಕ್ಕೆ ಹೋದೆವು. ಚೀಲ ಬಿಚ್ಚಿ ಇಳಿಸಿದವನು ಲುಟಾಯ, ನಾವು ಮುಟ್ಟುವಂತಿಲ್ಲವಲ್ಲ. ಹಿರಿಯರು ನೀರಿಗೆ ಇಳಿದರು, ಮುಳುಗಿದರು, ಕಾಣೆಯಾದರು. ಎಲ್ಲರೂ ನಿಂತೆವು. ಅದು ಬದುಕಿದ್ದರೆ ಗಾಳಿಗೆ ಮೇಲೆ ಬರಲೇಬೇಕು. ಹುಡುಗ ನನ್ನ ಪಕ್ಕದಲ್ಲೇ ನಿಂತಿದ್ದ, ಉಸಿರು ಬಿಗಿಹಿಡಿದಿದ್ದ. ನಾನೂ. ಆಮೇಲೆ ದೂರದಲ್ಲಿ, ಜೊಂಡಿನ ಹತ್ತಿರ, ನೀರು ಒಡೆದು ಒಂದು ಮೂತಿ ಮೇಲೆ ಬಂದು ಗಾಳಿ ಕುಡಿದು ಹೋಯಿತು. ನಾವಿಬ್ಬರೂ ಒಟ್ಟಿಗೇ ಉಸಿರುಬಿಟ್ಟೆವು. ಎಷ್ಟು ಹೊತ್ತಾಯಿತು ಎಂದು ನಿನ್ನ ಕಡತಕ್ಕೆ ಕೇಳಬೇಡ. ಯಾರೂ ಎಣಿಸಲಿಲ್ಲ.

ಅವನ ಕೈ ಕುಲುಕಿದೆ. ಗೆರಿವಾಜಿ ಅಜ್ಜ ಹೇಳಿದ್ದು ನಿಜ, ತಣ್ಣಗಿತ್ತು.

ಆಗಸ್ಟ್ ಎರಡನೆಯ ಶನಿವಾರ ಕ್ವಾಂಜುಲಾ. ಆಡು ಕೊಯ್ಯುತ್ತೇವೆ. ತಿಲಾಪಿಯಾವೂ ಇರುತ್ತದೆ, ನಿನ್ನೆ ಎರಡು ತಿಂದೆ. ನಿನ್ನ ಅಡುಗೆಮನೆಯಲ್ಲಿ ಅವನು ಮಾಂಬಾ ಬೇಯಿಸಕೂಡದು. ತಿನ್ನಬೇಕೆನಿಸಿದರೆ ಅವನ ಅಜ್ಜಿಯ ಮನೆಗೆ ಹೋಗಲಿ, ಕೈ ತೊಳೆದುಕೊಂಡು ಬರಲಿ. ಮತ್ತೆ, ಅಲ್ಲಿಯವರೆಗೆ ನೀನು ಹೊಸದಾಗಿ ಏನನ್ನೂ ಕಂಡುಹಿಡಿಯಕೂಡದು. ಕಂಡುಹಿಡಿದರೂ ಬರೆಯಕೂಡದು. ಇದು ಸಭೆಯ ಒಮ್ಮತದ ಠರಾವು.

ಈ ಕಾಗದ ಬರೆಯುತ್ತಿರುವಾಗ ಅಂಗಳದಲ್ಲಿ ನಿನ್ನಮ್ಮ ಚಾಪೆಯ ಕೊನೆಯ ಅಂಚು ಹೆಣೆಯುತ್ತಿದ್ದಾಳೆ. ಈಗಷ್ಟೇ ತಲೆ ಎತ್ತದೆ ಕರೆದಳು:

"ನಂಕ್ಯಾನ ಅಪ್ಪಾ, ಚಹಾ ಆರ್ತಾ ಐತೆ."

ಹೋಗುತ್ತೇನೆ. ಈ ಕರೆ ತಪ್ಪಿಸಿಕೊಳ್ಳುವಂಥದ್ದಲ್ಲ.

ನಿನ್ನಪ್ಪ, ಹಾಗೂ ಈ ಗಳಿಗೆಯಿಂದ ಮತ್ತೆ ನಿನ್ನಮ್ಮನ ಗಂಡ,
ಬೊನಿಫಾಸಿ ಮುಬಿರು